ಬೇಸರಕ್ಕೆ ಎರಡು ಅಂಕ

ಯಾವ ಕೆಲಸದವರಿಗೆ ಸಂಬಳ ಹೆಚ್ಚಾಗಬೇಕು ಎಂದು ಈಗ ಎಲ್ಲರೂ ಮಾತಾಡುತ್ತಾರೆ. ಕ್ಷೌರದಂಗಡಿಯಲ್ಲಿ ಮಾತಾಡುತ್ತಾರೆ, ಬಸ್ಸಿನಲ್ಲಿ ಮಾತಾಡುತ್ತಾರೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತವರೂ ಕೈಸನ್ನೆಯಲ್ಲಿ ಮಾತಾಡುತ್ತಾರೆ. ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಮೂವತ್ನಾಲ್ಕು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು ಸ್ವಾಮಿ, ನಾನು! ವೇತನ ನಿಗದಿ ಕಚೇರಿಯಲ್ಲಿದ್ದೆ. ಅಂಗಡಿಯವನು ಬಟ್ಟೆ ಅಳೆಯುವ ಹಾಗೆ ನಾನು ಮನುಷ್ಯರ ಕೆಲಸವನ್ನು ಅಳೆಯುತ್ತಿದ್ದೆ.

ನನ್ನ ಅಳತೆಗೋಲು ಒಂದು ಹಳದಿ ಫಾರಂ. ಯಾವ ಕಚೇರಿಗೆ ಕಳಿಸಿದರೂ ಅಲ್ಲಿ ಆರು ದಿನ ಕುರ್ಚಿ ಹಾಕಿಕೊಂಡು ಕೂರಬೇಕು, ಅಲ್ಲಿಯವರು ಮಾಡುವುದನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ಕೊನೆಗೆ ಅಂಕ ಹಾಕಬೇಕು. ಕೌಶಲಕ್ಕೆ ಮೂವತ್ತು, ಹೊಣೆಗೆ ಮೂವತ್ತು, ಅಪಾಯಕ್ಕೆ ಇಪ್ಪತ್ತು, ಬೇಸರಕ್ಕೆ ಇಪ್ಪತ್ತು. ಬೇಸರ ಎಂದರೆ ಸುಮ್ಮನೆ ಆಕಳಿಕೆ ಬರುವುದಲ್ಲ. ಒಂದೇ ಕೆಲಸವನ್ನು ಬೆಳಗಿನಿಂದ ಸಂಜೆವರೆಗೆ ಮಾಡಿ ಮಾಡಿ ಜೀವ ಜಡ್ಡುಗಟ್ಟುತ್ತದಲ್ಲ, ಅದು. ಬೇಸರ ಹೆಚ್ಚಿದ್ದರೆ ಅಂಕ ಹೆಚ್ಚು, ಅಂಕ ಹೆಚ್ಚಿದ್ದರೆ ಸಂಬಳ ಹೆಚ್ಚು. ಕೆಲಸವೇ ಖುಷಿ ಕೊಡುತ್ತಿದ್ದರೆ ಮತ್ತೆ ಸಂಬಳ ಯಾಕೆ ಎಂಬುದು ಆ ಫಾರಂ ಬರೆದ ಪುಣ್ಯಾತ್ಮರ ವಾದ.

ನಿವೃತ್ತಿಯಾದ ಮೇಲೂ ಈ ಚಟ ಹೋಗಿಲ್ಲ. ಛತ್ರಿ ರಿಪೇರಿಯವನನ್ನು ಕಂಡರೆ ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ರಸ್ತೆ ದಾಟಿಸಲು ಶಾಲೆಯ ಮುಂದೆ ಬಿಸಿಲಲ್ಲಿ ನಿಲ್ಲುವ ಮುದುಕನಿಗೆ ಹಾಕುತ್ತೇನೆ. (ಹೊಣೆಗೆ ಇಪ್ಪತ್ತೆಂಟು. ಆತನಿಗೆ ಸಿಗುವ ಸಂಬಳ ಕೇಳಿದರೆ ನಿಮಗೆ ಊಟ ಸೇರುವುದಿಲ್ಲ.) ನನ್ನ ಹೆಂಡತಿಗೆ ಇದನ್ನು ಕಂಡರೆ ಆಗುವುದಿಲ್ಲ.

"ಅಲ್ಲಾ ರೀ, ಒಲೆ ಮೇಲಿನ ಹಾಲು ನೋಡ್ಕೊಳ್ಳಿ ಅಂದ್ರೆ ಹಾಲಿಗೂ ಅಂಕ ಹಾಕ್ತಾ ನಿಂತಿದ್ದೀರಾ? ಉಕ್ಕಿ ಚೆಲ್ತಾ ಇದೆ!"

"ನೋಡ್ತಾನೇ ಇದ್ದೆ ಕಣೇ."

"ನೋಡೋದೇ ನಿಮ್ಮ ಕೆಲಸ. ಆರಿಸೋರು ಬೇರೆಯವರು ಬೇಕು."

ಇರಲಿ. ನಿಜವಾಗಿ ಯಾರಿಗೆ ಸಂಬಳ ಹೆಚ್ಚಾಗಬೇಕು ಎಂದು ನೀವು ಕೇಳಿದ್ದರೆ (ಕೇಳಲಿಲ್ಲ, ಆದರೂ ಹೇಳುತ್ತೇನೆ) ಮೊದಲು ಹೇಳುವುದು ಆಸ್ಪತ್ರೆಯ ಆಯಾ. ಎದ್ದು ಕೂರಲಾರದ ದೊಡ್ಡ ದೊಡ್ಡ ಗಂಡಸರನ್ನು ಆ ಸಣಕಲು ಹೆಂಗಸು ಮಗ್ಗುಲು ಹೊರಳಿಸಿ, ಮೈ ಒರೆಸಿ, "ಆಯ್ತಪ್ಪಾ, ಆಯ್ತು" ಎನ್ನುತ್ತಿದ್ದುದು ಇಂದಿಗೂ ನನ್ನ ಕಿವಿಯಲ್ಲಿದೆ. ನೂರಕ್ಕೆ ಎಂಬತ್ತೆಂಟು ಹಾಕಿದ್ದೆ. ಮೇಲಿನವರು ಅದನ್ನು ನಲವತ್ತೊಂದು ಮಾಡಿದರು. ಒಂದನೇ ತರಗತಿಯ ಟೀಚರಿಗೆ ಎಂಬತ್ತು ಹಾಕಿದ್ದೆ. ನಲವತ್ತು ಮಕ್ಕಳ ನಲವತ್ತು ಕೈಗಳಿಗೆ ಪೆನ್ಸಿಲ್ ಹಿಡಿಯಲು ಕಲಿಸುವುದೆಂದರೆ ಹುಡುಗಾಟವೇ? ಅದಕ್ಕೂ ಕತ್ತರಿ ಬಿತ್ತು. ಅವರ ಪರವಾಗಿ ನಾನು ಜಗಳವಾಡಿದ್ದು ನಿಜ, ಸೋತಿದ್ದೂ ನಿಜ.

ಆದರೆ ಒಂದೇ ಒಂದು ಹುದ್ದೆಗೆ ಕತ್ತರಿ ಹಾಕಿದವರು ಮೇಲಿನವರಲ್ಲ. ನಾನೇ.

ಅದು ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು. ಟೆಲಿಫೋನ್ ಎಕ್ಸ್‌ಚೇಂಜಿಗೆ ನನ್ನನ್ನು ಕಳಿಸಿದರು. ಆ ಊರಿನಲ್ಲಿ ಆಗ ಎಲ್ಲಿಗೆ ಫೋನು ಮಾಡಬೇಕಾದರೂ ಆಪರೇಟರೇ ಗತಿ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ತೂತುತೂತಿನ ಕರಿ ಬೋರ್ಡು, ಅದರ ಮುಂದೆ ಐದು ಎತ್ತರದ ಸ್ಟೂಲು, ಐದು ಹುಡುಗಿಯರು. ತಲೆಯ ಮೇಲೆ ಹೆಡ್‌ಫೋನು, ಬಾಯಿಯ ಮುಂದೆ ಕೊಂಬಿನಂಥ ಮೌತ್‌ಪೀಸು. ಪುಟ್ಟ ದೀಪ ಹತ್ತಿತೆಂದರೆ ವಯರು ಎಳೆದು ತೂತಿಗೆ ಸಿಕ್ಕಿಸಬೇಕು, "ನಂಬರ್ ಪ್ಲೀಸ್" ಎನ್ನಬೇಕು, ಚೀಟಿ ಬರೆಯಬೇಕು, ಮತ್ತೊಂದು ವಯರು, ಮತ್ತೊಂದು ದೀಪ. ಹಿಂದೆ ಚಪ್ಪಲಿಯ ಸದ್ದು ಮಾಡದೆ ಓಡಾಡುವ ಮೇಲ್ವಿಚಾರಕಿ. ಅವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹುಡುಗಿಯರಿಗೆ ಅಲ್ಲಿ ಹೆಸರಿರಲಿಲ್ಲ. ಕೂತ ಜಾಗದ ಲೆಕ್ಕದಲ್ಲಿ ಒಂದನೇ ನಂಬರು, ಎರಡನೇ ನಂಬರು ಅಷ್ಟೇ.

ಮೂರನೇ ನಂಬರು ನನ್ನ ಈಗಿನ ಹೆಂಡತಿ. (ಹಿಂದಿನವಳೂ ಮುಂದಿನವಳೂ ಅವಳೇ. ಗಾಬರಿ ಬೇಡ.)

ನನ್ನ ಕುರ್ಚಿಯನ್ನು ಅವಳ ಪಕ್ಕಕ್ಕೇ ಹಾಕಿದ್ದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೂತವನಿಗೆ ಶನಿವಾರ ಮಧ್ಯಾಹ್ನ ಬಂದದ್ದೇ ತಿಳಿಯಲಿಲ್ಲ. ಅವಳು ವಯರು ಎಳೆಯುವಾಗ ಮೊಣಕೈ ಮಡಿಸುವ ರೀತಿ, ಲೈನಿನ ಆಚೆ ಯಾರೋ ರೇಗಿದರೆ ಕಣ್ಣು ಮೇಲೆ ಮಾಡಿ "ಸ್ವಲ್ಪ ಇರಿ ಸಾರ್" ಎನ್ನುವ ರೀತಿ, ಪೆನ್ಸಿಲನ್ನು ಹೆಡ್‌ಫೋನಿನ ಪಟ್ಟಿಗೆ ಸಿಕ್ಕಿಸುವ ರೀತಿ. ದಿನಕ್ಕೆ ಆರುನೂರು ಕರೆ ಜೋಡಿಸುತ್ತಿದ್ದಳು. ಆರುನೂರನ್ನೂ ನೋಡಿದೆ. ಒಂದಾದರೂ ಇನ್ನೊಂದರ ಹಾಗೆ ಕಾಣಲಿಲ್ಲ. ಇಡೀ ಕೋಣೆಯೂ ನಗುನಗುತ್ತಾ ಇತ್ತು. ಎಂಥ ಆಹ್ಲಾದಕರ ವಾತಾವರಣ ಎಂದುಕೊಂಡೆ. ಫಾರಂ ತುಂಬುವಾಗ ಕೊನೆಯ ಕಲಮಿಗೆ ಬಂದು, ಎದೆ ಮುಟ್ಟಿ ನೋಡಿಕೊಂಡು, ಸತ್ಯವನ್ನೇ ಬರೆದೆ. ಬೇಸರ: ಇಪ್ಪತ್ತಕ್ಕೆ ಎರಡು.

ಆ ಎರಡು ಅಂಕದಿಂದ ಆಪರೇಟರುಗಳ ದರ್ಜೆ ಒಂದು ಮೆಟ್ಟಿಲು ಕೆಳಗಿಳಿಯಿತು. ಒಂಬತ್ತು ವರ್ಷದ ನಂತರ ಯಂತ್ರ ಬಂದು ಎಕ್ಸ್‌ಚೇಂಜು ಮುಚ್ಚುವ ತನಕ ಅವರು ಆ ಕಡಿಮೆ ಸಂಬಳದಲ್ಲೇ ದುಡಿದರು. ಅಷ್ಟರಲ್ಲಿ ನಮ್ಮ ಮದುವೆಯಾಗಿತ್ತು. ನನ್ನ ಮನೆಗೇ ಬರಬೇಕಾದ ಸಂಬಳಕ್ಕೆ ಕಲ್ಲು ಹಾಕಿಕೊಂಡ ಮಹಾನುಭಾವ ನಾನು.

ಹೆಂಡತಿಗೆ ನಿಜ ಹೇಳಿದೆನೇ? ಧೈರ್ಯ ಎಲ್ಲಿಂದ ಬರಬೇಕು! ಮದುವೆಯಾದ ಹೊಸದರಲ್ಲಿ ಆದೇಶ ಬಂದಾಗ "ನಾನು ಹದಿನೆಂಟು ಕೊಟ್ಟಿದ್ದೆ, ಮೇಲಿನವರು ಎರಡು ಮಾಡಿದ್ರು" ಎಂದುಬಿಟ್ಟೆ. ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಎರಡನೇ ವರ್ಷ ನಾನು ಸಾಹೇಬರೊಂದಿಗೆ ವಾದಿಸಿದೆ. ಐದನೇ ವರ್ಷ ಮೇಜು ಗುದ್ದಿದೆ. ಹತ್ತನೇ ವರ್ಷದ ಹೊತ್ತಿಗೆ ಫೈಲು ಎಸೆದು ರಾಜೀನಾಮೆ ಬರೆದಿದ್ದೆ. ಅವಳು ಪ್ರತಿಸಲ ಗಲ್ಲಕ್ಕೆ ಕೈಯಿಟ್ಟು "ಆಮೇಲೆ?" ಎನ್ನುತ್ತಿದ್ದಳು. ನನ್ನನ್ನು ದೊಡ್ಡ ಶೂರ ಎಂದುಕೊಂಡಿರುವ ಒಂದೇ ಒಂದು ಜೀವ ಈ ಭೂಮಿಯ ಮೇಲಿದೆಯಲ್ಲ ಎಂದು ನನಗೆ ಒಳಗೊಳಗೇ ಸಂತೋಷ. ಅದನ್ನು ಕಳೆದುಕೊಳ್ಳಲು ನನ್ನಿಂದಾಗುತ್ತಿರಲಿಲ್ಲ.

ಹೀಗಿರುವಾಗ ಮೊನ್ನೆ ಗುರುವಾರ ಅವಳು ಫೋನಿಟ್ಟು ಬಂದು ಹೇಳಿದಳು.

"ದೊಡ್ಡಕ್ಕ ಮಾತಾಡಿದ್ರು. ಭಾನುವಾರ ಎಲ್ಲರೂ ನಮ್ಮನೆಗೆ ಊಟಕ್ಕೆ ಬರ್ತಾರಂತೆ. ಎಕ್ಸ್‌ಚೇಂಜಿನ ಹಳೇದೊಂದು ದಾಖಲೆ ಸಿಕ್ಕಿದೆಯಂತೆ. ನಿಮಗೇ ತೋರಿಸ್ಬೇಕಂತೆ."

"ನನಗ್ಯಾಕೆ?"

"ಆ ವಾರ ನೀವು ಮಾಡಿದ ಕೆಲಸ ಏನು ಅಂತ ಅದರಲ್ಲಿ ಎದ್ದು ಕಾಣುತ್ತಂತೆ."

ಫಾರಂ! ಹಳೇ ಕಡತಗಳನ್ನು ತೂಕಕ್ಕೆ ಹಾಕುವಾಗ ಯಾರ ಕೈಗೋ ಸಿಕ್ಕಿ ದೊಡ್ಡಕ್ಕನಿಗೆ ತಲುಪಿರಬೇಕು. ಕೆಳಗೆ ನನ್ನ ರುಜು, ಸುಂದರವಾಗಿ, ಬಾಲ ಬಿಟ್ಟುಕೊಂಡು!

"ಭಾನುವಾರ ನೀರು ಬರಲ್ವಂತೆ ಕಣೇ" ಎಂದೆ.

"ಶನಿವಾರವೇ ತುಂಬಿಸಿಡಿ."

"ನನಗ್ಯಾಕೋ ಮೈ ಬಿಸಿ ಅನ್ನಿಸ್ತಿದೆ."

"ಒಳ್ಳೇದಾಯ್ತು, ಒಳಗೆ ಮಲಗಿರಿ. ನಾವು ಹೆಂಗಸರೇ ಕೂತು ಆ ಕಾಗದ ಓದ್ತೀವಿ."

ಮೈ ತಕ್ಷಣ ತಣ್ಣಗಾಯಿತು.

ಭಾನುವಾರ ಹನ್ನೊಂದಕ್ಕೇ ನಾಲ್ವರೂ ಬಂದಿಳಿದರು. ದೊಡ್ಡಕ್ಕನಿಗೆ ಎಂಬತ್ತರ ಹತ್ತಿರ. ಆದರೂ ನಡೆಯುವಾಗ ಸದ್ದಿಲ್ಲ. ಒಂದನೇ, ಎರಡನೇ, ನಾಲ್ಕನೇ ನಂಬರುಗಳಿಗೆ ತಲೆ ಬೆಳ್ಳಗಾಗಿದೆ, ದನಿ ಮಾತ್ರ ಅದೇ. ಐದನೇ ನಂಬರು ತೀರಿಕೊಂಡು ಎರಡು ವರ್ಷ. ಕೂರುವಾಗ ನೋಡಿದೆ, ಸೋಫಾ, ಕುರ್ಚಿ ಎಲ್ಲ ಇದ್ದರೂ ಅವರು ಹಳೇ ಸಾಲಿನಲ್ಲೇ ಕೂತರು, ತುದಿಯಲ್ಲಿ ಒಂದು ಜಾಗ ಬಿಟ್ಟು.

ನನ್ನ ಕಣ್ಣು ಮಾತ್ರ ದೊಡ್ಡಕ್ಕನ ಚೀಲದ ಮೇಲೆಯೇ ಇತ್ತು.

"ಕೊಡಿ ದೊಡ್ಡಕ್ಕ, ಚೀಲ ಒಳಗಿಡ್ತೀನಿ" ಎಂದು ಹಲ್ಲು ಗಿಂಜಿದೆ.

"ನೋಡ್ರೇ, ಭಾವ ಎಷ್ಟು ಉಪಚಾರ ಮಾಡ್ತಾರೆ!" ಎಂದಳು ಎರಡನೇ ನಂಬರು. ಹೆಂಡತಿ ನನ್ನನ್ನು ಒಂದು ಥರಾ ನೋಡಿದಳು. ಮೂವತ್ತೆಂಟು ವರ್ಷದಲ್ಲಿ ನಾನು ಯಾರ ಚೀಲವನ್ನೂ ಎಲ್ಲಿಯೂ ಇಟ್ಟವನಲ್ಲ.

ಮಲಗುವ ಕೋಣೆಯ ಬಾಗಿಲು ಅರ್ಧ ಮುಚ್ಚಿ ಚೀಲಕ್ಕೆ ಕೈ ಹಾಕಿದೆ. ಮಾತ್ರೆ ಡಬ್ಬಿ, ಕರವಸ್ತ್ರ, ಕನ್ನಡಕದ ಗೂಡು, ಅದರ ಕೆಳಗೆ ಕಂದು ಬಣ್ಣದ ದೊಡ್ಡ ಲಕೋಟೆ. ತೆರೆದು ನೋಡಲು ಸಮಯವೆಲ್ಲಿ? "ರೀ, ಚೀಲ ಇಡೋಕೆ ಎಷ್ಟು ಹೊತ್ತು?" ಎಂಬ ದನಿ ಹತ್ತಿರ ಬರುತ್ತಿತ್ತು. ಲಕೋಟೆಯನ್ನು ಶರ್ಟಿನೊಳಗೆ ತುರುಕಿಕೊಂಡು ಗುಂಡಿ ಹಾಕಿದೆ. ಊಟವಾದ ಮೇಲೆ ಹಿತ್ತಿಲಿಗೆ ಹೋಗಿ ಹರಿದು ಹಾಕಿದರಾಯಿತು ಎಂಬುದು ನನ್ನ ಘನವಾದ ಯೋಜನೆ.

ಲಕೋಟೆಯ ಒಳಗೆ ರಟ್ಟು ಇದೆ ಎಂಬುದು ಊಟಕ್ಕೆ ಕೂತಾಗಲೇ ಗೊತ್ತಾದದ್ದು. ಗಂಟಲ ಕೆಳಗಿನಿಂದ ಹೊಟ್ಟೆಯ ತನಕ ಹಲಗೆ ಕಟ್ಟಿದಂತಾಗಿ ಬಗ್ಗಲು ಆಗುತ್ತಿಲ್ಲ. ತಟ್ಟೆಯ ಅನ್ನ ಬಾಯಿಗೆ ಬರಬೇಕಾದರೆ ಅರ್ಧ ದಾರಿಯಲ್ಲಿ ಮಡಿಲಿಗೆ ಬೀಳುತ್ತಿದೆ.

"ಯಾಕಪ್ಪಾ, ಬೆನ್ನು ಹಿಡ್ಕೊಂಡಿದೆಯಾ?" ಎಂದರು ದೊಡ್ಡಕ್ಕ.

"ಇಲ್ಲ ದೊಡ್ಡಕ್ಕ, ನೆಟ್ಟಗೆ ಕೂತು ಊಟ ಮಾಡಿದ್ರೆ ಜೀರ್ಣಕ್ಕೆ ಒಳ್ಳೇದಂತೆ."

"ದಿನಾ ಸೋಫಾದ ಮೇಲೆ ಒರಗಿ ತಿನ್ನೋರು!" ಎಂದಳು ಹೆಂಡತಿ. "ರೀ, ನಿಮ್ಮ ಕಾಲ ಹತ್ರ ಚಮಚ ಬಿದ್ದಿದೆ, ಎತ್ತಿಕೊಡಿ."

"ಬೇರೆ ತಗೋ."

"ಅದೇ ಬೇಕು."

ಬಗ್ಗಿದೆ. ಶರ್ಟಿನೊಳಗೆ ಲಟಕ್ ಎಂದಿತು.

"ಅಯ್ಯಯ್ಯೋ, ಮುರೀಬೇಡಪ್ಪಾ! ಇರೋದು ಅದೊಂದೇ ಪ್ರತಿ!" ಎಂದು ನನ್ನ ಕಾಲರಿನಿಂದ ಇಣುಕಿದ ಕಂದು ಲಕೋಟೆ ಕಂಡು ದೊಡ್ಡಕ್ಕ ಚೀರಿದರು.

ಎಲ್ಲರೂ ಕೈ ತಡೆದು ನನ್ನ ಹೊಟ್ಟೆಯನ್ನೇ ನೋಡಿದರು. ನಾನು ಇಂಗು ತಿಂದ ಮಂಗನಾದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತು. ಆ ಐದು ಬಿಳಿ ತಲೆಗಳ ಮುಂದೆ, ಎಡಗೈಯಲ್ಲಿ ಚಮಚ ಹಿಡಿದು, ಎದ್ದು ನಿಂತೆ.

"ಕ್ಷಮಿಸಿ. ಮೇಲಿನವರಲ್ಲ, ನಾನೇ. ಬೇಸರಕ್ಕೆ ಎರಡು ಅಂಕ ಕೊಟ್ಟಿದ್ದು ನಾನೇ. ವಾದ ಮಾಡ್ಲಿಲ್ಲ, ಮೇಜು ಗುದ್ದಲಿಲ್ಲ, ರಾಜೀನಾಮೆ ಬರೀಲಿಲ್ಲ. ಆ ಶನಿವಾರ ಮಧ್ಯಾಹ್ನ ದೊಡ್ಡಕ್ಕನ ಕೋಣೆ ಬಾಗಿಲು ಹಾಕ್ಕೊಂಡು, ಅವರ ಫೋನಿಂದಾನೇ ನಮ್ಮ ಸಾಹೇಬರಿಗೆ ಗುಟ್ಟಾಗಿ ವರದಿ ಒಪ್ಪಿಸಿದ್ದೆ."

ಒಂದನೇ ನಂಬರು ಫಕ್ಕನೆ ನಕ್ಕಳು. ಎರಡನೇ ನಂಬರು ಸೆರಗು ಬಾಯಿಗೆ ಒತ್ತಿಕೊಂಡಳು.

"ಭಾವ," ಎಂದಳು, "ಆ ಫೋನನ್ನ ಜೋಡಿಸಿದ್ದು ಯಾರು ಅಂದ್ಕೊಂಡ್ರಿ?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮೂವತ್ತೊಂಬತ್ತು ವರ್ಷ! ಆ ಊರಿನ ಯಾವ ಫೋನೆತ್ತಿದರೂ ಅದೇ ಬೋರ್ಡಿಗೆ ದೀಪ ಹತ್ತುತ್ತದೆ, ಅದೇ ಐವರಲ್ಲೊಬ್ಬರು ವಯರು ಸಿಕ್ಕಿಸುತ್ತಾರೆ ಎಂಬುದನ್ನು ಆರು ದಿನ ಕೂತು ಅಭ್ಯಾಸ ಮಾಡಿದ ತಜ್ಞ ನಾನು, ಅದೇ ಬೋರ್ಡಿನ ಮೂಲಕ ಗುಟ್ಟು ಹೇಳಿದ್ದೆ.

"ನೀವು... ಕೇಳಿಸ್ಕೊಂಡ್ರಾ?"

"ಛೆ, ಕೇಳಿಸ್ಕೊಳ್ಳೋದು ತಪ್ಪು," ಎಂದಳು ನಾಲ್ಕನೇ ನಂಬರು. "ಲೈನು ಸರಿಯಾಗಿ ಬರ್ತಿದೆಯಾ ಅಂತ ಐದು ಜನಾನೂ ನೋಡಿದ್ವಿ, ಅಷ್ಟೇ."

"ಹಾಗಿದ್ರೆ ಆಗಲೇ ಯಾಕೆ ತಕರಾರು ಮಾಡ್ಲಿಲ್ಲ?"

"ಏನಂತ ಮಾಡೋದಪ್ಪಾ?" ದೊಡ್ಡಕ್ಕ ಹೇಳಿದರು. "ನಿಮ್ಮ ಗುಟ್ಟಿನ ಮಾತು ಕದ್ದು ಕೇಳಿದ್ವಿ ಸಾರ್, ಆ ಅಂಕ ಅನ್ಯಾಯ ಅಂತ ಅರ್ಜಿ ಬರೀಬೇಕಿತ್ತಾ? ಐದು ಜನರ ಕೆಲಸಾನೂ ಹೋಗ್ತಿತ್ತು. ಕೊಡು ಇತ್ತ, ಮೊದಲು ಅದನ್ನ."

ಶರ್ಟಿನಿಂದ ಲಕೋಟೆ ತೆಗೆದುಕೊಟ್ಟೆ. ಒಳಗಿದ್ದುದು ಫಾರಂ ಅಲ್ಲ. ಫೋಟೋ. ಆ ಶನಿವಾರ ಇಲಾಖೆಯ ಕ್ಯಾಲೆಂಡರಿಗೆಂದು ಯಾರೋ ಬಂದು ತೆಗೆದದ್ದು. ಬೋರ್ಡಿನ ಮುಂದೆ ಐವರೂ ಸಾಲಾಗಿ ಕೂತು ನಗು ತಡೆಯಲಾರದೆ ತುಟಿ ಕಚ್ಚಿದ್ದಾರೆ. ಪಕ್ಕದಲ್ಲಿ ತೆಳ್ಳಗಿನ ಮೀಸೆಯವನೊಬ್ಬ ಹಳದಿ ಫಾರಮನ್ನು ತಲೆಕೆಳಗಾಗಿ ಹಿಡಿದು, ಬಾಯಿ ಅರೆ ತೆರೆದು, ಮೂರನೇ ನಂಬರನ್ನು ನೋಡುತ್ತಿದ್ದಾನೆ. ರಟ್ಟು ಮುರಿದ ಗೆರೆ ಸರಿಯಾಗಿ ಅವನ ಕುತ್ತಿಗೆಯ ಮೇಲೆ ಬಿದ್ದಿತ್ತು.

"ಆರು ದಿನಾನೂ ಹೀಗೇ ಹಿಡ್ಕೊಂಡಿದ್ರಿ," ಎಂದಳು ಎರಡನೇ ನಂಬರು. "ನಾವು ನಕ್ಕಿದ್ದಕ್ಕೆ ಲೆಕ್ಕವಿಲ್ಲ. ನೀವು ಹೋದ ಮೇಲೆ ಸೋಮವಾರ ಮತ್ತೆ ಅದೇ ಮಸಣ."

ಆಗ ಅರ್ಥವಾಯಿತು. ಆ ಕೋಣೆಯಲ್ಲಿ ನಾನು ಕಂಡ ಆಹ್ಲಾದ ನನ್ನದೇ ಪ್ರಸಾದ. ಅಳೆಯಲು ಹೋದವನೇ ಅವರ ಬೇಸರವನ್ನು ಆರು ದಿನ ಕಳೆದು, ಆಮೇಲೆ ನಿಮಗೆ ಬೇಸರವೇ ಇಲ್ಲ ಎಂದು ಸಂಬಳ ಕತ್ತರಿಸಿ ಬಂದಿದ್ದೆ.

"ಅಪಾಯಕ್ಕೆ ಎಷ್ಟು ಕೊಟ್ಟಿದ್ದೆ?" ಎಂದರು ದೊಡ್ಡಕ್ಕ. ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

"ಸೊನ್ನೆ."

"ಮೇಲ್ವಿಚಾರಕಿ ಆಗೋ ಮುಂಚೆ ಹದಿನಾರು ವರ್ಷ ನಾನೂ ಹೆಡ್‌ಫೋನು ಹಾಕಿದ್ದೆ. ಸಿಡಿಲು ಬಿದ್ದಾಗ ಲೈನಲ್ಲಿ ಬರೋ ಸದ್ದು ಕಿವೀಲಿ ಚೂರಿ ಹಾಕಿದ ಹಾಗಿರ್ತಿತ್ತು. ಈ ಎಡಗಿವಿ ಹೋಗಿ ಹದಿನೈದು ವರ್ಷ ಆಯ್ತು. ಐದನೇ ನಂಬರಿಗೆ ಎರಡೂ ಹೋಗಿತ್ತು. ಫೋನಲ್ಲಿ ಎಲ್ಲರ ಮಾತು ಜೋಡಿಸಿದೋಳು, ಕೊನೇಲಿ ಮಗಳ ಮಾತು ಅವಳಿಗೆ ಕೇಳಿಸ್ತಿರಲಿಲ್ಲ."

ಅವರ ಪಕ್ಕಕ್ಕೆ ಹೋಗಿ ಕೂತೆ. ತಪ್ಪಾಯಿತು ಎಂದೆ, ನಿಮ್ಮ ಕೆಲಸ ನನಗೆ ಕಾಣಲೇ ಇಲ್ಲ, ಒಬ್ಬಳ ಮೊಣಕೈ ನೋಡುತ್ತಾ ಐವರ ಕಿವಿ ಮರೆತೆ ಎಂದೆ. ಹೇಳುತ್ತಾ ಹೇಳುತ್ತಾ ನಾಚಿಕೆಗೆಟ್ಟ ಕಣ್ಣು ತುಂಬಿಕೊಂಡಿತು. ಇಷ್ಟು ಪ್ರಾಮಾಣಿಕವಾಗಿ ನಾನು ಯಾವ ವರದಿಯನ್ನೂ ಒಪ್ಪಿಸಿದ್ದಿಲ್ಲ.

ದೊಡ್ಡಕ್ಕ ಪೂರ್ತಿ ಮುಗಿಯುವ ತನಕ ಸುಮ್ಮನೆ ನನ್ನ ಮುಖ ನೋಡಿದರು. "ಈ ಕಡೆ ಬಂದು ಹೇಳಪ್ಪಾ," ಎಂದರು. "ಅದು ಎಡಗಿವಿ. ಒಂದಕ್ಷರಾನೂ ಕೇಳಿಸ್ಲಿಲ್ಲ."

ಬಲಗಡೆಗೆ ಹೋಗಿ ಮೊದಲಿನಿಂದ ಹೇಳಿದೆ. ಎರಡನೇ ಸಲ ಮಧ್ಯೆ ಮಧ್ಯೆ ಒಂದನೇ ನಂಬರು ಮರೆತದ್ದನ್ನು ನೆನಪಿಸಿಕೊಟ್ಟಳು. ದೊಡ್ಡಕ್ಕ ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ, ತಣ್ಣಗಾಗೋ ಮುಂಚೆ ಊಟ ಮಾಡು" ಎಂದರು.

ಅವರೆಲ್ಲ ಹೊರಟಾಗ ಐದು ಗಂಟೆ. ಬಾಡಿಗೆ ಕಾರಿನಲ್ಲಿಯೂ ಅದೇ ಸಾಲಿನಲ್ಲಿ ಕೂರಬೇಕೆಂದು ಜಗಳವಾಡಿ, ಆಗದೆ, ನಗುತ್ತಾ ಹೋದರು. ಮನೆ ಒಮ್ಮೆಲೇ ಖಾಲಿಯಾಯಿತು. ಹೆಂಡತಿ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ.

"ನಿನಗೆ ಮೊದಲಿಂದಲೂ ಗೊತ್ತಿತ್ತು."

"ಹೂಂ."

"ಮತ್ತೆ ಪ್ರತಿವರ್ಷ ನಾನು ಮೇಜು ಗುದ್ದಿದ್ದು, ಫೈಲು ಎಸೆದಿದ್ದು..."

"ಮೊದಲ ವರ್ಷ ಸಿಟ್ಟು ಬಂತು. ನಿಜ ಹೇಳ್ತೀರೇನೋ ಅಂತ ಕಾದೆ. ಆಮೇಲೆ ಕತೆ ಚೆನ್ನಾಗಿ ಬೆಳೀತಿದೆ, ಎಲ್ಲಿಗೆ ಹೋಗಿ ನಿಲ್ಲುತ್ತೋ ನೋಡೋಣ ಅನ್ನಿಸ್ತು."

"ಇಷ್ಟೆಲ್ಲ ಗೊತ್ತಿದ್ದೂ ನನ್ನನ್ನ ಯಾಕೆ ಮದುವೆಯಾದೆ?"

ಅವಳು ನಲ್ಲಿ ನಿಲ್ಲಿಸಿದಳು. "ಯಾಕೆ ಎರಡೇ ಅಂಕ ಅಂತ ನಿಮ್ಮ ಸಾಹೇಬ್ರು ಕೇಳಿದಾಗ ಏನಂದ್ರಿ, ನೆನಪಿದೆಯಾ? 'ಸಾರ್, ಆರು ದಿನ ಕೂತಿದ್ದೆ, ಒಂದು ನಿಮಿಷ ಕೂಡ ಬೇಸರ ಆಗ್ಲಿಲ್ಲ' ಅಂದ್ರಿ. ಆ ಸ್ಟೂಲಿನ ಮೇಲೆ ನಾಲ್ಕು ವರ್ಷದಿಂದ ಕೂತಿದ್ದೆ. ಸತ್ತುಹೋಗೋಣ ಅನ್ನಿಸುವಷ್ಟು ಬೇಸರ. ನನ್ನ ಪಕ್ಕ ಕೂತು ಬೇಸರ ಆಗ್ಲಿಲ್ಲ ಅಂದೋರು ನೀವೊಬ್ಬರೇ."

ನನಗೆ ಆ ಹಳೇ ಕೋಣೆ, ಆ ದೀಪಗಳು, ಮಡಿಸಿದ ಆ ಮೊಣಕೈ ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಬುದ್ಧಿವಂತ. ಆದರೆ ಮೂವತ್ನಾಲ್ಕು ವರ್ಷದ ಚಟ ಬಿಡಬೇಕಲ್ಲ.

"ಹಾಗಾದ್ರೆ ನನ್ನ ಜೊತೆ ಮೂವತ್ತೆಂಟು ವರ್ಷ ಇದ್ದೀಯಲ್ಲ, ಬೇಸರಕ್ಕೆ ಎಷ್ಟು ಅಂಕ ಹಾಕ್ತೀಯ?" ಎಂದೆ, ಸೊನ್ನೆಯನ್ನು ನಿರೀಕ್ಷಿಸಿ.

"ಹತ್ತೊಂಬತ್ತು."

ಯೋಚನೆ ಕೂಡ ಮಾಡಲಿಲ್ಲ ಮಹಾರಾಯ್ತಿ.

"ಆ ಒಂದು ಅಂಕ ಯಾಕೆ ಬಿಟ್ಟೆ?"

"ಇವತ್ತಿನ ದಿನಕ್ಕೆ," ಎಂದು ಒದ್ದೆ ಕೈಯನ್ನು ನನ್ನ ಶರ್ಟಿಗೆ ಒರೆಸಿದಳು. "ಅಂದ ಹಾಗೆ, ಹತ್ತೊಂಬತ್ತು ಬಂದ ಹುದ್ದೆಗೆ ಸಂಬಳ ಏನಾಗ್ಬೇಕು ಸಾಹೇಬ್ರೇ? ತಜ್ಞರಲ್ವಾ ನೀವು?"

"ಜಾಸ್ತಿಯಾಗ್ಬೇಕು," ಎಂದೆ ಸಣ್ಣ ದನಿಯಲ್ಲಿ.

"ಯಾವತ್ತಿಂದ?"

"ಸೇರಿದ ದಿನದಿಂದ. ಅರಿಯರ್ಸ್ ಸಮೇತ."

ಅವಳು ಲೋಟದ ರಾಶಿಯನ್ನೂ ಆರು ಜನ ಉಂಡ ಪಾತ್ರೆಗಳನ್ನೂ ನನ್ನ ಕಡೆಗೆ ತಳ್ಳಿ, ಒಳಗೆ ಹೋಗಿ, ನನ್ನ ಸೋಫಾದ ಮೇಲೆ ಕಾಲು ಚಾಚಿದಳು. ನಾನು ತೊಳೆಯುತ್ತಿದ್ದೇನೆ. ಪಾತ್ರೆ ತೊಳೆಯುವವರಿಗೆ ಈ ಲೋಕದಲ್ಲಿ ಯಾರೂ ಸರಿಯಾಗಿ ಅಂಕ ಕೊಟ್ಟಿಲ್ಲ ಎಂದು ಈಗ ನನ್ನ ಖಚಿತ ಅಭಿಪ್ರಾಯ.